ನಿಧಾನದ ಬೆಳೆಗೆ ಯಾರ ಹಣ?

ವಕೀಲಿ ವೃತ್ತಿಯವರಲ್ಲಿ ಒಂದು ಅಭ್ಯಾಸ ಬೇರೂರಿರುತ್ತದೆ. ಯಾವುದೇ ಆಸ್ತಿಯ ಕಾಗದಪತ್ರ ಕೈಗೆ ಬಂದರೂ ನಾವು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುತ್ತೇವೆ. ಹಣ ಕೊಟ್ಟವರು ಯಾರು? ಯಾವ ಅಧಿಕಾರದಿಂದ ಕೊಟ್ಟರು? ಅದರ ಫಲವನ್ನು ಅನುಭವಿಸತಕ್ಕವರು ಯಾರು? ಈ ಮೂರಕ್ಕೂ ಉತ್ತರ ದೊರೆತರೆ ಅರ್ಧ ವ್ಯಾಜ್ಯ ಅಲ್ಲಿಯೇ ತೀರಿತು. ಕೆಲವು ವರ್ಷಗಳಿಂದ ಈ ಪ್ರಶ್ನೆಗಳನ್ನು ನಾನು ನಮ್ಮ ಊರಿನ ಒಂದು ದೊಡ್ಡ ಆವರಣದ ಕುರಿತು ಕೇಳಿಕೊಳ್ಳುತ್ತ ಬಂದಿದ್ದೇನೆ. ಕಾಸರಗೋಡು ಪೇಟೆಯನ್ನು ದಾಟಿ ಮಂಗಳೂರಿನ ಕಡೆಗೆ ಹೊರಟರೆ ಕೂಡ್ಲಿನ ಬಳಿ ಹೆದ್ದಾರಿಯ ಮಗ್ಗುಲಲ್ಲಿ ಸಿಗುವ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯೇ ಆ ಆವರಣ. ಊರವರ ಬಾಯಲ್ಲಿ ಅದು ಸಿ.ಪಿ.ಸಿ.ಆರ್.ಐ.

ನಮ್ಮಲ್ಲಿ ಹೆಚ್ಚಿನವರಿಗೆ ಆ ಹೆಸರು ಬಸ್ಸಿನ ಒಂದು ನಿಲ್ದಾಣ. ಕೆಲವರಿಗೆ ತೆಂಗಿನ ಸಸಿ ಸಿಗುವ ಜಾಗ. ಒಳಗೆ ನಡೆಯುವ ಕೆಲಸಕ್ಕೆ ಹಣ ಎಲ್ಲಿಂದ ಬರುತ್ತದೆ, ಅದು ಯಾವ ವಿಶ್ವಾಸದ ಮೇಲೆ ಖರ್ಚಾಗುತ್ತದೆ ಎಂಬುದನ್ನು ನಾವು ವಿಚಾರಿಸುವುದು ಕಡಿಮೆ. ವಿಜ್ಞಾನಕ್ಕೆ ಸರಕಾರ ಹಣ ಹಾಕುವುದೆಂದರೆ ರಾಕೆಟ್ಟು, ಅಣುಸ್ಥಾವರ, ದಿಲ್ಲಿಯ ಆಯವ್ಯಯ ಭಾಷಣ ಎಂದು ನಾವು ಭಾವಿಸಿದ್ದೇವೆ. ಆ ಹಣದ ಒಂದು ಕಥೆ ನಮ್ಮ ತೋಟಗಳ ಬುಡದಲ್ಲಿಯೇ ಇದೆ. ಕನ್ನಡ ಶಾಲೆಗಳಿಗೆ ಮಕ್ಕಳನ್ನು ಕಳುಹಿಸುವ ಹೆತ್ತವರು ಅದನ್ನು ತಿಳಿದಿರಬೇಕೆಂಬ ಆಸೆಯಿಂದ ಈ ಬರಹ.

1916ರಲ್ಲಿ ಮದರಾಸು ಸರಕಾರ ಇಲ್ಲಿ ತೆಂಗಿನ ಸಂಶೋಧನಾ ಕೇಂದ್ರವನ್ನು ತೆರೆಯಿತು. ಆಗ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಈಗ ನಾವು ಹೇಳುವ ಅರ್ಥದ ಕರ್ನಾಟಕವೂ ಇರಲಿಲ್ಲ, ಕೇರಳವೂ ಇರಲಿಲ್ಲ. ನೀಲೇಶ್ವರ, ಪಿಲಿಕೋಡುಗಳಲ್ಲಿಯೂ ಪ್ರಯೋಗದ ತೋಟಗಳು ಎದ್ದವು. ನೀಲೇಶ್ವರದ ತೋಟದಲ್ಲಿ 1930ರ ದಶಕದಲ್ಲಿ ಜೆ.ಎಸ್. ಪಟೇಲ್ ಎಂಬ ವಿಜ್ಞಾನಿ ಎತ್ತರದ ತಳಿಯನ್ನೂ ಗಿಡ್ಡ ತಳಿಯನ್ನೂ ಬೆರಸಿ ತೆಂಗಿನ ಸಂಕರ ಸಸಿಗಳನ್ನು ಪಡೆದರು. ಜಗತ್ತಿನ ತೆಂಗು ಬೆಳೆಯುವ ನಾಡುಗಳಲ್ಲಿ ಇಂದು ಸಂಕರ ತಳಿಯ ಮಾತು ಬಂದಲ್ಲೆಲ್ಲ ಆ ಕೆಲಸದ ಉಲ್ಲೇಖ ಬರುತ್ತದೆ. ನಮ್ಮ ಮಕ್ಕಳ ವಿಜ್ಞಾನದ ಪಾಠದಲ್ಲಿ ಮೆಂಡೆಲನ ಬಟಾಣಿ ಗಿಡಗಳು ಬರುತ್ತವೆ, ಬರಬೇಕು. ಅದರ ಜೊತೆಗೆ ನೀಲೇಶ್ವರದ ತೆಂಗಿನ ಹೆಸರನ್ನೂ ಒಬ್ಬ ಅಧ್ಯಾಪಕರು ಎತ್ತಿದರೆ ಮಗುವಿಗೆ ವಿಜ್ಞಾನವು ತನ್ನ ಮಣ್ಣಿನದ್ದೂ ಹೌದು ಎಂದು ತಿಳಿಯುತ್ತದೆ.

ಆ ಕೆಲಸಕ್ಕೆ ಹಣ ಬಂದ ಬಗೆಯಲ್ಲಿ ಕಾನೂನಿನ ವಿದ್ಯಾರ್ಥಿಗೆ ಆಸಕ್ತಿ ಹುಟ್ಟಿಸುವ ಒಂದು ಘಟ್ಟವಿದೆ. ಸ್ವಾತಂತ್ರ್ಯಕ್ಕೆ ಮೂರು ವರ್ಷ ಮೊದಲು, 1944ರಲ್ಲಿ, ಭಾರತೀಯ ತೆಂಗು ಸಮಿತಿ ಕಾಯಿದೆ ಬಂತು. ಗಿರಣಿಗಳು ಎಣ್ಣೆಗಾಗಿ ಅರೆಯುವ ಕೊಬ್ಬರಿಯ ಮೇಲೆ ಒಂದು ಸಣ್ಣ ಉಪಕರವನ್ನು ವಿಧಿಸಿ, ಆ ಮೊತ್ತವನ್ನು ತೆಂಗಿನ ಬೇಸಾಯ, ಮಾರಾಟ, ಬಳಕೆಗಳ ಸುಧಾರಣೆಗೆಂದೇ ಮೀಸಲಿಡುವುದು ಆ ಕಾಯಿದೆಯ ಉದ್ದೇಶ. ತೆರಿಗೆಗೂ ಉಪಕರಕ್ಕೂ ಇರುವ ವ್ಯತ್ಯಾಸವನ್ನು ನಾನು ಕಿರಿಯ ವಕೀಲರಿಗೆ ವಿವರಿಸುವಾಗ ಈ ಉದಾಹರಣೆಯನ್ನೇ ಕೊಡುವುದುಂಟು. ತೆರಿಗೆಯ ಹಣ ಬೊಕ್ಕಸದ ದೊಡ್ಡ ಹೊಳೆಗೆ ಸೇರಿ ಯಾವ ಕಾಲುವೆಗೆ ಹರಿಯಿತೆಂದು ಗುರುತಿಸಲಾಗದು. ಉಪಕರದ ಹಣಕ್ಕೆ ಒಂದು ಗೊತ್ತಾದ ಉದ್ದೇಶದ ಮುದ್ರೆ ಇರುತ್ತದೆ. ತೆಂಗಿನೆಣ್ಣೆಯಿಂದ ಲಾಭ ಪಡೆದ ಉದ್ಯಮವು ತೆಂಗಿನ ನಾಳೆಗಾಗಿ ಒಂದು ಪಾಲನ್ನು ತೆಗೆದಿಡಬೇಕು ಎಂಬ ನ್ಯಾಯ ಅದರಲ್ಲಿತ್ತು. ಆ ಕಾಯಿದೆಯಂತೆ ರೂಪುಗೊಂಡ ಸಮಿತಿಯ ಕೈಗೆ ಮುಂದೆ ಕಾಸರಗೋಡಿನ ಕೇಂದ್ರವೂ ಬಂತು.

1956ರ ನವೆಂಬರ್ 1 ನಮ್ಮವರು ಮರೆಯುವ ದಿನವಲ್ಲ. ರಾಜ್ಯಗಳ ಗಡಿ ಚಂದ್ರಗಿರಿಯ ಬಡಗಣ ನೆಲವನ್ನೂ ಕೇರಳಕ್ಕೆ ಸೇರಿಸಿತು. ಒಂದೇ ಮನೆತನದ ತೋಟ ಅತ್ತ, ದೇವಸ್ಥಾನ ಇತ್ತ ಎಂಬಂತಾಯಿತು. ಅದೇ ವರ್ಷ ಗಡಿಯ ಆಚೆ ವಿಟ್ಲದಲ್ಲಿ ಅಡಿಕೆಯ ಕೇಂದ್ರೀಯ ಸಂಶೋಧನಾ ಕೇಂದ್ರ ಆರಂಭವಾಯಿತು. ಮುಂದೆ ಒಂದೊಂದು ಬೆಳೆಗೆ ಒಂದೊಂದು ಸಮಿತಿ ಎಂಬ ವ್ಯವಸ್ಥೆಯನ್ನು ಸರಕಾರ ಕೈಬಿಟ್ಟು ಕೇಂದ್ರಗಳನ್ನು ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ವಶಕ್ಕೆ ಕೊಟ್ಟಿತು. 1970ರಲ್ಲಿ ಕಾಸರಗೋಡು ಮತ್ತು ಕಾಯಂಕುಳದ ತೆಂಗಿನ ಕೇಂದ್ರಗಳನ್ನೂ ವಿಟ್ಲದ ಅಡಿಕೆ ಕೇಂದ್ರವನ್ನೂ ಕೂಡಿಸಿ ಇಂದಿನ ಸಂಸ್ಥೆಯನ್ನು ಕಟ್ಟಲಾಯಿತು. ಭಾಷಾವಾರು ಗಡಿಯು ಕತ್ತರಿಸಿದ ಎರಡು ತುಂಡುಗಳನ್ನು ಒಂದು ಸಂಶೋಧನಾ ಸಂಸ್ಥೆ ಹದಿನಾಲ್ಕು ವರ್ಷಗಳ ಬಳಿಕ ಮತ್ತೆ ಹೊಲಿದಂತಾಯಿತು. ಕೊಳೆರೋಗಕ್ಕೆ ಚೆಕ್‌ಪೋಸ್ಟು ತಿಳಿಯದು; ಅದನ್ನು ಕಲಿಯುವವರಿಗೂ ಚೆಕ್‌ಪೋಸ್ಟು ಅಡ್ಡವಾಗಬಾರದು.

ಇನ್ನು ಸರಕಾರದ ಹಣವೇ ಏಕೆ ಬೇಕು ಎಂಬ ಪ್ರಶ್ನೆ. ಮಾರುಕಟ್ಟೆಯಲ್ಲಿ ಬೇಡಿಕೆ ಇದ್ದರೆ ಖಾಸಗಿ ಕಂಪೆನಿಗಳೇ ಸಂಶೋಧನೆ ಮಾಡುತ್ತವಲ್ಲ ಎಂದು ವಿದ್ಯಾವಂತರೇ ಕೇಳುವುದನ್ನು ನಾನು ಕೇಳಿದ್ದೇನೆ. ತರಕಾರಿ ಬೀಜದಲ್ಲಿ, ಜೋಳದಲ್ಲಿ, ಹತ್ತಿಯಲ್ಲಿ ಅದು ನಿಜವೂ ಹೌದು. ಬೀಜ ಬಿತ್ತಿದ ಕೆಲವೇ ತಿಂಗಳಲ್ಲಿ ಫಲ ಕಾಣುತ್ತದೆ, ಮುಂದಿನ ವರ್ಷ ರೈತ ಮತ್ತೆ ಅಂಗಡಿಗೆ ಬರುತ್ತಾನೆ. ತೆಂಗಿನ ಲೆಕ್ಕ ಹಾಗಲ್ಲ. ಎತ್ತರದ ತಳಿಯ ಸಸಿ ನೆಟ್ಟರೆ ಹೊಂಬಾಳೆ ಒಡೆಯಲು ಆರೇಳು ವರ್ಷ. ಇಳುವರಿ ಸ್ಥಿರವಾಗಿದೆಯೇ ಎಂದು ನೋಡಲು ಇನ್ನೂ ಹಲವು ವರ್ಷ. ಒಂದು ತಳಿಯನ್ನು ನಂಬಿಕೆಯಿಂದ ರೈತನ ಕೈಗೆ ಕೊಡುವಷ್ಟರಲ್ಲಿ ಅದನ್ನು ಆರಂಭಿಸಿದ ವಿಜ್ಞಾನಿ ನಿವೃತ್ತನಾಗಿರುತ್ತಾನೆ. ತೆಂಗಿಗೂ ಅಡಿಕೆಗೂ ಮಾವಿನಂತೆ ಕಸಿ ಕಟ್ಟಲಾಗದು; ಇರುವುದು ಒಂದೇ ಸುಳಿ, ಅದು ಮುರಿದರೆ ಮರವೇ ಸತ್ತಿತು. ಒಮ್ಮೆ ಒಳ್ಳೆಯ ಸಸಿ ಕೊಂಡ ರೈತ ಮತ್ತೆ ಬೀಜದ ಅಂಗಡಿಗೆ ಬರುವುದು ಮಗನ ಕಾಲಕ್ಕೆ. ಯಾವ ಕಂಪೆನಿಯ ಪಾಲುದಾರರು ಅಷ್ಟು ಕಾಲ ಕಾಯುತ್ತಾರೆ?

ಇದಕ್ಕೆ ಕಾನೂನಿನ ಮುಖವೂ ಇದೆ. ಆ ಸಂಸ್ಥೆ ರೂಪುಗೊಂಡ 1970ನೆಯ ಇಸವಿಯಲ್ಲಿಯೇ ನಮ್ಮ ಪೇಟೆಂಟು ಕಾಯಿದೆಯೂ ಬಂತು. ಅದರ 3(ಎಚ್) ಕಲಮಿನಂತೆ ಕೃಷಿಯ ಅಥವಾ ತೋಟಗಾರಿಕೆಯ ವಿಧಾನಕ್ಕೆ ಪೇಟೆಂಟು ಇಲ್ಲ. ಅಡಿಕೆಯನ್ನು ಒಂಬತ್ತು ಅಡಿ ಅಂತರದಲ್ಲಿ ನೆಡಬೇಕೆಂದೂ ನಡುವೆ ಕೋಕೋ ಹಾಕಬಹುದೆಂದೂ ದಶಕಗಳ ಪ್ರಯೋಗದಿಂದ ತಿಳಿದುಕೊಂಡರೂ ಆ ತಿಳಿವಳಿಕೆಯನ್ನು ಯಾರೂ ಬೀಗ ಹಾಕಿ ಇಟ್ಟುಕೊಳ್ಳುವಂತಿಲ್ಲ. ಗಿಡದ ತಳಿಗಳಿಗೆ 2001ರ ಕಾಯಿದೆ ಒಂದು ಬಗೆಯ ರಕ್ಷಣೆ ಕೊಟ್ಟಿತಾದರೂ ಅದರ 39ನೆಯ ಕಲಂ ರೈತನು ತನ್ನ ಬೆಳೆಯ ಬೀಜವನ್ನು ಉಳಿಸಿಕೊಳ್ಳುವ, ಮತ್ತೆ ಬಿತ್ತುವ, ಹಂಚುವ, ಬ್ರಾಂಡಿನ ಹೆಸರು ಹಚ್ಚದೆ ಮಾರುವ ಹಕ್ಕನ್ನೂ ಎತ್ತಿಹಿಡಿಯಿತು. ಇದು ನಮ್ಮ ಸಂಸತ್ತು ತೋರಿದ ವಿವೇಕ. ಆದರೆ ವಿವೇಕಕ್ಕೂ ಬೆಲೆಯಿದೆ. ತಿಳಿವಳಿಕೆಯನ್ನು ಎಲ್ಲರಿಗೂ ಮುಕ್ತವಾಗಿಡಬೇಕಾದರೆ ಅದನ್ನು ಹುಡುಕುವ ಖರ್ಚನ್ನು ಎಲ್ಲರೂ ಸೇರಿ ಭರಿಸಬೇಕು. ಎಲ್ಲರೂ ಸೇರಿ ಭರಿಸುವುದಕ್ಕೆ ನಾವು ಇಟ್ಟುಕೊಂಡ ಹೆಸರೇ ಸರಕಾರದ ಹಣ.

ಇಂತಹ ಮುಕ್ತ ತಿಳಿವಳಿಕೆ ಎಷ್ಟು ದೂರದಿಂದ ನಮ್ಮ ಅಂಗಳಕ್ಕೆ ಬಂದಿದೆ ಎಂಬುದಕ್ಕೆ ಮಳೆಗಾಲದ ಮದ್ದನ್ನೇ ನೋಡಬಹುದು. ಮೈಲುತುತ್ತು, ಸುಣ್ಣ, ನೀರು ಸೇರಿಸಿ ಅಡಿಕೆಯ ಗೊನೆಗೆ ಮದ್ದು ಬಿಡುವುದು ನಮ್ಮ ಆಷಾಢದ ವ್ರತದಂತೆ. ಅದರ ಹೆಸರು ಬೋರ್ಡೋ ದ್ರಾವಣ. ಫ್ರಾನ್ಸಿನ ಬೋರ್ಡೋ ಎಂಬಲ್ಲಿಯ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಮಿಲಾರ್ಡೆ ಎಂಬವರು 1885ರ ಸುಮಾರಿಗೆ ದ್ರಾಕ್ಷಿಯ ರೋಗಕ್ಕೆ ಅದನ್ನು ಪ್ರಚಾರಕ್ಕೆ ತಂದರು. ಮೈಸೂರು ಸಂಸ್ಥಾನ ನೇಮಿಸಿಕೊಂಡಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಹೊತ್ತಿಗೆ ಮಲೆನಾಡಿನ ತೋಟಗಳಲ್ಲಿ ಕೊಳೆರೋಗದ ಮೂಲವಾದ ಶಿಲೀಂಧ್ರವನ್ನು ಗುರುತಿಸಿ ಅದೇ ದ್ರಾವಣವನ್ನು ಅಡಿಕೆಗೆ ಒಗ್ಗಿಸಿದರು. ಅದಕ್ಕೆ ಮೊದಲು ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯಿಂದ ಮರೆಮಾಡುವುದೊಂದೇ ದಾರಿ. ನೂರು ವರ್ಷಗಳಿಂದ ನಾವು ಆ ಮದ್ದನ್ನು ಬಳಸುತ್ತಿದ್ದೇವೆ. ಅದರ ತಿಳಿವಳಿಕೆಗೆ ಯಾರಿಗೂ ರಾಯಧನ ತೆತ್ತಿಲ್ಲ. ಫ್ರಾನ್ಸಿನ ವಿಶ್ವವಿದ್ಯಾನಿಲಯ, ಮೈಸೂರಿನ ಅರಸರ ಬೊಕ್ಕಸ ಎರಡೂ ನಮ್ಮ ಪರವಾಗಿ ಮೊದಲೇ ತೆತ್ತಿದ್ದವು.

ನನ್ನ ಮನೆಯ ಮಾತನ್ನೂ ಹೇಳಬೇಕು. ನಮ್ಮದು ಎರಡು ಎಕರೆಗೆ ತುಸು ಹೆಚ್ಚಿನ ತೋಟ, ಗುಡ್ಡದ ಬುಡದಲ್ಲಿ ಒಂದು ಸುರಂಗ, ಅದರ ನೀರಿಗೆ ಒಂದು ಕೆರೆ. ತಂದೆಯವರು ಎಂಟನೆಯ ತರಗತಿಯವರೆಗೆ ಓದಿದವರು. ವಿಟ್ಲದ ಕೇಂದ್ರವು 1972ರಲ್ಲಿ ಮಂಗಳ ಎಂಬ ಅಡಿಕೆ ತಳಿಯನ್ನು ಬಿಡುಗಡೆ ಮಾಡಿತ್ತು. ಚೀನಾದಿಂದ ತರಿಸಿದ ಬೀಜಗಳ ನಡುವಿನಿಂದ ವರ್ಷಗಟ್ಟಲೆ ಆರಿಸಿ ಪಡೆದ ತಳಿ ಅದು. ಊರ ತಳಿಗಿಂತ ಬೇಗ ಹಿಂಗಾರ ಬಿಡುತ್ತದೆ, ಗೊನೆಯೂ ಕೈಗೆಟುಕುವ ಎತ್ತರದಿಂದಲೇ ಆರಂಭ. ನಾನು ಒಂದನೆಯ ತರಗತಿಗೆ ಸೇರುವ ಹೊತ್ತಿಗೆ ತಂದೆಯವರು ಬಸ್ಸಿನಲ್ಲಿ ವಿಟ್ಲಕ್ಕೆ ಹೋಗಿ ಒಂದು ಗೋಣಿ ಬೀಜದಡಿಕೆಯನ್ನು ತಂದು ಪಾತಿ ಮಾಡಿದ್ದರು. ನೆರೆಯವರು ಚೀನಾದ ಅಡಿಕೆ ನಮ್ಮ ಮಣ್ಣಿಗೆ ಆದೀತೇ ಎಂದು ನಕ್ಕರಂತೆ. “ಸರಕಾರ ಹತ್ತು ಹದಿನೈದು ವರ್ಷ ನೋಡಿ ಕೊಟ್ಟದ್ದನ್ನು ನಾವು ನಾಲ್ಕು ವರ್ಷವಾದರೂ ನೋಡದಿದ್ದರೆ ಹೇಗೆ?” ಎಂದು ತಂದೆಯವರು ಉತ್ತರ ಕೊಟ್ಟರೆಂದು ತಾಯಿಯವರು ಹೇಳುತ್ತಿದ್ದರು.

ಆ ಮರಗಳ ಅಡಿಕೆಯಿಂದ ನನ್ನ ಹೈಸ್ಕೂಲಿನ ಪುಸ್ತಕ ಬಂತು, ಅಕ್ಕನ ಮದುವೆಯಾಯಿತು, ಕೊನೆಗೆ ನನ್ನ ಎಲ್‌ಎಲ್‌ಬಿಯ ಶುಲ್ಕವೂ ಸಂದಿತು. ಊರಿನ ಸರಕಾರಿ ಕನ್ನಡ ಶಾಲೆಯಲ್ಲಿ ಓದಿದ ಹುಡುಗ ಕರಿ ಕೋಟು ತೊಟ್ಟದ್ದಕ್ಕೆ ಕಾರಣಗಳನ್ನು ಪಟ್ಟಿ ಮಾಡಿದರೆ ತಂದೆಯವರ ಬೆವರು, ಅಧ್ಯಾಪಕರ ಕಾಳಜಿ ಇವುಗಳ ಸಾಲಿನಲ್ಲಿ ಒಂದು ಸಂಶೋಧನಾ ಕೇಂದ್ರದ ಪ್ರಯೋಗದ ಪಾತಿಯೂ ಸೇರುತ್ತದೆ. ಆ ಪಾತಿಗೆ ನೀರೆರೆದ ಕೂಲಿಯಾಳಿನ ದಿನಗೂಲಿ, ಗೊನೆ ಎಣಿಸಿ ವಹಿಯಲ್ಲಿ ಬರೆದುಕೊಂಡ ಸಹಾಯಕನ ಸಂಬಳ ದೇಶದ ಯಾವುದೋ ಮೂಲೆಯಲ್ಲಿ ಸಾಬೂನು, ಬೆಂಕಿಪೆಟ್ಟಿಗೆ ಕೊಂಡವರ ತೆರಿಗೆಯಿಂದ ಬಂದದ್ದು. ಅಡಿಕೆ ಜಗಿದೇ ಇರದವರೂ ಅದರಲ್ಲಿ ಇದ್ದಾರೆ.

ಸಂಶೋಧನೆಯಿಂದ ಉದ್ಯಮ ಹುಟ್ಟುವ ಬಗೆಯನ್ನೂ ನಮ್ಮ ಸೀಮೆ ಕಂಡಿದೆ. ಅಡಿಕೆಯ ನೆರಳಿನಲ್ಲಿ ಕೋಕೋ ಬೆಳೆಯಬಹುದೆಂದು ಪ್ರಯೋಗಗಳು ತೋರಿಸಿದ ಮೇಲೆ ನಮ್ಮವರು ಗಿಡ ನೆಟ್ಟರು. ಕೊಳ್ಳುವವರು ಹಿಂದೆ ಸರಿದು ಬೆಲೆ ಕುಸಿದಾಗ ಹಣ್ಣು ಮರದಲ್ಲಿಯೇ ಕೊಳೆಯಿತು. ಆಗ 1973ರಲ್ಲಿ ಕರ್ನಾಟಕ ಮತ್ತು ಕೇರಳದ ಬೆಳೆಗಾರರನ್ನು ಒಂದುಗೂಡಿಸಿ ಹುಟ್ಟಿದ್ದ ಕ್ಯಾಂಪ್ಕೊ ಸಹಕಾರಿ ಸಂಸ್ಥೆ ಕೋಕೋವನ್ನೂ ಕೊಳ್ಳಲು ಮುಂದಾಯಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟು ಕಾರ್ಖಾನೆಯನ್ನೇ ತೆರೆಯಿತು. ಪ್ರಯೋಗದ ತೋಟದಿಂದ ಚಾಕಲೇಟಿನ ಅಚ್ಚಿನವರೆಗಿನ ಈ ದಾರಿಯಲ್ಲಿ ಸರಕಾರ, ವಿಜ್ಞಾನಿ, ರೈತ, ಸಹಕಾರ ನಾಲ್ವರೂ ಒಂದೊಂದು ಗಾವುದ ಹೊರೆ ಹೊತ್ತರು. ಯಾರೊಬ್ಬರು ನಡುದಾರಿಯಲ್ಲಿ ಇಳಿಸಿಬಿಟ್ಟಿದ್ದರೂ ಹೊರೆ ಮನೆ ಸೇರುತ್ತಿರಲಿಲ್ಲ. ಔದ್ಯಮಿಕ ನಾವೀನ್ಯ ಎಂಬ ದೊಡ್ಡ ಮಾತನ್ನು ಮಕ್ಕಳಿಗೆ ವಿವರಿಸಬೇಕಾದಾಗ ಪುತ್ತೂರಿನ ಚಾಕಲೇಟಿಗಿಂತ ಸಿಹಿಯಾದ ದೃಷ್ಟಾಂತ ನನಗೆ ಸಿಕ್ಕಿಲ್ಲ.

ಆದರೆ ಸರಕಾರದ ಹಣವೆಲ್ಲ ಪುಣ್ಯದ ಹಣವೆಂದು ಹೇಳಿದರೆ ಎಣ್ಮಕಜೆ, ಪಡ್ರೆಗಳ ಕಡೆಯ ಓದುಗರು ಈ ಪತ್ರಿಕೆಯನ್ನು ಮಡಚಿ ಬದಿಗಿಡುತ್ತಾರೆ, ಅವರು ಹಾಗೆ ಮಾಡುವುದು ನ್ಯಾಯವೂ ಹೌದು. ಸರಕಾರಿ ಸ್ವಾಮ್ಯದ ಗೇರು ತೋಟಗಳ ಮೇಲೆ ಎರಡು ದಶಕಗಳಿಗೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ಅಧಿಕ ಇಳುವರಿ, ಕಡಿಮೆ ಖರ್ಚು ಎಂಬ ಲೆಕ್ಕ ಅದರ ಹಿಂದಿತ್ತು. ತೋಟದ ಕೆಳಗಿನ ತೋಡಿನ ನೀರು ಕುಡಿಯುವ ಮಕ್ಕಳು ಆ ಲೆಕ್ಕದಲ್ಲಿ ಇರಲಿಲ್ಲ. ಊರಿನ ಒಬ್ಬ ವೈದ್ಯರು, ಒಬ್ಬ ಕನ್ನಡ ಪತ್ರಕರ್ತರು, ಹಲವು ತಾಯಂದಿರು ಕೂಗಿ ಹೇಳಿದ ಮೇಲೆಯೇ ಹೊರಗಿನವರು ಬಂದು ನೋಡಿದ್ದು.

ಹಾಗೆ ಬಂದು ನೋಡಿದವರಲ್ಲಿ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯೂ ಒಂದು. ಅದೂ ಸರಕಾರದ ಹಣದಿಂದಲೇ ನಡೆಯುವ ಸಂಸ್ಥೆ. ಪಡ್ರೆಯ ಶಾಲಾ ಮಕ್ಕಳನ್ನು ಪರೀಕ್ಷಿಸಿ, ದೂರದ ಇನ್ನೊಂದು ಊರಿನ ಮಕ್ಕಳೊಡನೆ ಹೋಲಿಸಿ, 2002ರಲ್ಲಿ ಅದು ಕೊಟ್ಟ ವರದಿ ಸಂತ್ರಸ್ತರ ಕೈಗೆ ಒಂದು ಪುರಾವೆಯನ್ನು ಕೊಟ್ಟಿತು. ನ್ಯಾಯಾಲಯದಲ್ಲಿ ಕಣ್ಣೀರಿಗೆ ಮರುಕ ಸಿಗುತ್ತದೆ, ದಾಖಲೆಗೆ ಆದೇಶ ಸಿಗುತ್ತದೆ. 2011ರ ಮೇ 13ರಂದು ಸರ್ವೋಚ್ಚ ನ್ಯಾಯಾಲಯ ದೇಶಾದ್ಯಂತ ಎಂಡೋಸಲ್ಫಾನ್ ತಯಾರಿಕೆ, ಮಾರಾಟ, ಬಳಕೆಗಳನ್ನು ತಡೆಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರವನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಆದೇಶಿಸಿತು. ಸಿಂಪಡಿಸಿದ್ದಕ್ಕೂ ಸರಕಾರದ ಹಣ, ಪರೀಕ್ಷಿಸಿದ್ದಕ್ಕೂ ಸರಕಾರದ ಹಣ, ಪರಿಹಾರಕ್ಕೂ ಸರಕಾರದ ಹಣ. ಇದರಿಂದ ನಾನು ಕಲಿತ ಪಾಠ ಒಂದೇ. ಸಂಶೋಧನೆಗೆ ಹಣ ಕೊಟ್ಟವನು ಉತ್ತರವನ್ನೂ ಬರೆದುಕೊಡುವಂತಾಗಬಾರದು. ನ್ಯಾಯಾಧೀಶರ ಸಂಬಳವನ್ನು ಸರಕಾರ ಕೊಡುತ್ತದೆ, ತೀರ್ಪನ್ನು ಸರಕಾರ ಬರೆಯುವುದಿಲ್ಲ. ವಿಜ್ಞಾನಿಗೂ ಅದೇ ರಕ್ಷೆ ಬೇಕು. ಹಣದಷ್ಟೇ ಆ ಸ್ವಾತಂತ್ರ್ಯವೂ ಮುಖ್ಯ.

ದೇಶದ ಮಟ್ಟದ ಲೆಕ್ಕವನ್ನು ತುಸು ನೋಡೋಣ. 2020–21ರಲ್ಲಿ ಭಾರತವು ಸಂಶೋಧನೆ ಮತ್ತು ಅಭಿವೃದ್ಧಿಗೆ ಮಾಡಿದ ಒಟ್ಟು ವೆಚ್ಚ ಸುಮಾರು 1,27,000 ಕೋಟಿ ರೂಪಾಯಿ. ರಾಷ್ಟ್ರದ ಒಟ್ಟು ಉತ್ಪನ್ನದ 0.64 ಶೇಕಡಾ. ಅಂದರೆ ನೂರು ರೂಪಾಯಿ ದುಡಿದರೆ ಹುಡುಕಾಟಕ್ಕೆ ಅರುವತ್ತನಾಲ್ಕು ಪೈಸೆ. ಚೀನಾ ಎರಡು ರೂಪಾಯಿಗೂ ಹೆಚ್ಚು, ದಕ್ಷಿಣ ಕೊರಿಯಾ ನಾಲ್ಕು ರೂಪಾಯಿಗೂ ಹೆಚ್ಚು ತೆಗೆದಿಡುತ್ತವೆ. ಅಲ್ಲಿ ದೊಡ್ಡ ಪಾಲು ಉದ್ಯಮಗಳದ್ದು. ನಮ್ಮಲ್ಲಿ ಖಾಸಗಿ ಉದ್ಯಮದ ಪಾಲು ಮೂರನೆಯ ಒಂದಕ್ಕಿಂತ ತುಸು ಹೆಚ್ಚಷ್ಟೆ. ಈ ಕೊರತೆಯನ್ನು ತುಂಬಲು 2023ರಲ್ಲಿ ಸಂಸತ್ತು ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ಕಾಯಿದೆಯನ್ನು ಅಂಗೀಕರಿಸಿತು. ಐದು ವರ್ಷಗಳಲ್ಲಿ 50,000 ಕೋಟಿ ರೂಪಾಯಿ ಎಂದು ಅಂದಾಜಿಸಿ, ಅದರಲ್ಲಿ 36,000 ಕೋಟಿ ರೂಪಾಯಿ ಸರಕಾರದ ಹೊರಗಿನಿಂದ, ಮುಖ್ಯವಾಗಿ ಉದ್ಯಮಗಳಿಂದ, ಬರಬೇಕೆಂದು ಎಣಿಸಲಾಗಿದೆ. 2025ರ ಜುಲೈ 1ರಂದು ಕೇಂದ್ರ ಸಚಿವ ಸಂಪುಟವು ಖಾಸಗಿ ವಲಯದ ಸಂಶೋಧನೆ ಮತ್ತು ನಾವೀನ್ಯಕ್ಕೆ 1 ಲಕ್ಷ ಕೋಟಿ ರೂಪಾಯಿಯ ಇನ್ನೊಂದು ಯೋಜನೆಯನ್ನು ಒಪ್ಪಿತು. ಪ್ರಯೋಗಶಾಲೆಯ ಆರಂಭಿಕ ಹಂತವನ್ನು ದಾಟಿ ಮಾರುಕಟ್ಟೆಯತ್ತ ಮುಖ ಮಾಡಿದ ತಂತ್ರಜ್ಞಾನಕ್ಕೆ ಅಲ್ಪ ಬಡ್ಡಿಯ ಅಥವಾ ಬಡ್ಡಿಯಿಲ್ಲದ ದೀರ್ಘಾವಧಿಯ ಸಾಲ, ಹೊಸ ಉದ್ದಿಮೆಗಳಿಗೆ ಬಂಡವಾಳದ ನೆರವು ಅದರ ತಿರುಳು.

ಈ ಯೋಜನೆಗಳನ್ನು ನಾನು ಸ್ವಾಗತಿಸುತ್ತೇನೆ. ಆದರೂ ಪತ್ರದ ಷರತ್ತುಗಳನ್ನು ಓದುವ ವೃತ್ತಿಯವನಾದುದರಿಂದ ಒಂದು ಅನುಮಾನ ನನ್ನನ್ನು ಬಿಡುವುದಿಲ್ಲ. ಸಾಲ ಕೊಡುವವನು ಮರುಪಾವತಿಯ ದಾರಿಯನ್ನು ಕೇಳುತ್ತಾನೆ. ಉದ್ಯಮದ ಹಣ ಲಾಭದ ದಾರಿಯನ್ನು ಕೇಳುತ್ತದೆ. ಔಷಧ, ಬ್ಯಾಟರಿ, ಕಂಪ್ಯೂಟರಿನ ಚಿಪ್ಪು ಇವು ಉತ್ತರ ಕೊಡಬಲ್ಲವು. ಹಳದಿ ಎಲೆ ರೋಗ ಏನು ಉತ್ತರ ಕೊಟ್ಟೀತು? ಸುಳ್ಯ, ಸಂಪಾಜೆಗಳ ಕಡೆ ತೋಟಕ್ಕೆ ತೋಟವೇ ಹಳದಿಯಾಗಿ ನಿಂತದ್ದನ್ನು ನಮ್ಮವರು ನೋಡಿದ್ದಾರೆ. ದಶಕಗಳ ಕೆಲಸದಿಂದ ಅದರ ಮೂಲ ಎಲೆಯ ನಾಳಗಳಲ್ಲಿ ವಾಸಿಸುವ ಅತಿಸೂಕ್ಷ್ಮ ಜೀವಿಯೆಂದು ತಿಳಿಯಿತು. ಗುಣಪಡಿಸುವ ಮದ್ದು ಇಂದಿಗೂ ಇಲ್ಲ. ರೋಗಪೀಡಿತ ತೋಟಗಳ ನಡುವೆ ಹಸುರಾಗಿಯೇ ಉಳಿದ ಮರಗಳನ್ನು ಹುಡುಕಿ ಅವುಗಳ ಸಂತಾನವನ್ನು ಬೆಳೆಸಿ ನೋಡುವುದು ಉಳಿದ ದಾರಿ. ಅದು ಮತ್ತೆ ವರ್ಷಗಟ್ಟಲೆಯ, ಲಾಭ ಕಾಣದ, ತಾಳ್ಮೆಯ ದಾರಿ. ಈಗ ಎಲೆಚುಕ್ಕಿ ರೋಗವೂ ಜೊತೆಗೆ ಸೇರಿದೆ. ಕಳೆದ ವರ್ಷ ನನ್ನ ಕಕ್ಷಿದಾರರೊಬ್ಬರು ಪಾಲುಪಟ್ಟಿಗೆಂದು ಬಂದವರು, ತಮ್ಮ ಪಾಲಿಗೆ ತೋಟದ ಬದಲು ಗುಡ್ಡವನ್ನೇ ಬರೆಯಿರಿ ಎಂದರು. ಸೋಗೆ ಒಣಗಿದ ತೋಟಕ್ಕಿಂತ ಮುರಕಲ್ಲಿನ ಗುಡ್ಡಕ್ಕೆ ಬೆಲೆ ಬರುವ ಕಾಲ ಬಂದಿತೇ ಎಂದು ನಾನು ಪೆನ್ನು ಹಿಡಿದು ಕುಳಿತೆ. ಅವರ ಮಗಳು ಪ್ಲಸ್ ಟು ಓದುತ್ತಿದ್ದಾಳೆ, ಅವಳ ಮುಂದಿನ ಶುಲ್ಕಕ್ಕೆ ಆ ತೋಟವೇ ಆಧಾರವಾಗಿತ್ತು.

ನಿಧಾನದ ವಿಜ್ಞಾನಕ್ಕೆ ಇನ್ನೊಂದು ನಿದರ್ಶನ ಗಡಿಯಾಚೆಯ ನಮ್ಮ ಇನ್ನೊಂದು ಬಳಗದ ನೆಲದಲ್ಲಿದೆ. ನೀಲಗಿರಿಯ ಉದಕಮಂಡಲದ ಬಳಿ, ಬಡಗರ ಹೊಲಗಳ ನೆರೆಯಲ್ಲಿ, 530 ಮೀಟರ್ ಉದ್ದ, 30 ಮೀಟರ್ ಅಗಲದ ರೇಡಿಯೋ ದೂರದರ್ಶಕವೊಂದು ಬೆಟ್ಟದ ಇಳಿಜಾರಿನಲ್ಲಿ ಮಲಗಿದೆ. ಗೋವಿಂದ ಸ್ವರೂಪ್ ಎಂಬ ವಿಜ್ಞಾನಿ ಆ ಇಳಿಜಾರನ್ನು ಸುಮ್ಮನೆ ಆರಿಸಲಿಲ್ಲ. ಬೆಟ್ಟದ ಓರೆ ಅಲ್ಲಿನ ಅಕ್ಷಾಂಶಕ್ಕೆ, ಅಂದರೆ ಸುಮಾರು 11 ಡಿಗ್ರಿಗೆ, ಸರಿಹೊಂದುವುದರಿಂದ ದೂರದರ್ಶಕದ ಅಕ್ಷ ಭೂಮಿಯ ಅಕ್ಷಕ್ಕೆ ಸಮಾಂತರವಾಗುತ್ತದೆ. ಒಂದೇ ದಿಕ್ಕಿಗೆ ತಿರುಗಿಸುತ್ತ ಆಕಾಶದ ಒಂದು ಮೂಲವನ್ನು ಗಂಟೆಗಟ್ಟಲೆ ಹಿಂಬಾಲಿಸಬಹುದು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಸರಕಾರ ಕೊಟ್ಟ ಹಣದಿಂದ, ಇಲ್ಲಿಯ ಎಂಜಿನಿಯರರ ಕೈಯಿಂದ ಅದು ಪೂರ್ತಿಯಾದದ್ದೂ 1970ರಲ್ಲಿಯೇ. ಅದರಿಂದ ಯಾರ ತೋಟಕ್ಕೂ ಗೊಬ್ಬರ ಬರಲಿಲ್ಲ. ಆದರೆ ಅದನ್ನು ಕಟ್ಟಿ ಕಲಿತವರು ಮುಂದೆ ಪುಣೆಯ ಬಳಿ ಮೂವತ್ತು ಬೃಹತ್ ತಟ್ಟೆಗಳ ದೂರದರ್ಶಕವನ್ನು ಕಟ್ಟಿದರು. ಒಂದು ಪೀಳಿಗೆಯ ಕೈ ಪಳಗಿದ್ದು ಮುಂದಿನ ಪೀಳಿಗೆಯ ಬಂಡವಾಳ. ತೆಂಗಿನ ವಿಷಯದಲ್ಲಿಯೂ ಆಕಾಶದ ವಿಷಯದಲ್ಲಿಯೂ ನಿಯಮ ಒಂದೇ.

ಈ ಮಾತೆಲ್ಲ ಕನ್ನಡ ಶಾಲೆಯ ಹೆತ್ತವರಿಗೆ ಏಕೆ? ನಮ್ಮ ಸಮುದಾಯದ ಮಾತು ಬಂದಾಗಲೆಲ್ಲ ನಾವು ಶಾಲೆ, ಅಧ್ಯಾಪಕರ ನೇಮಕಾತಿ, ಅರ್ಜಿ ನಮೂನೆಯ ಭಾಷೆ ಇವುಗಳಿಗಾಗಿ ಹೋರಾಡುತ್ತೇವೆ. ಅದು ಬೇಕು. ಸಂವಿಧಾನದ 350(ಎ) ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಶಿಕ್ಷಣ ಮಾತೃಭಾಷೆಯಲ್ಲಿ ಸಿಗಬೇಕೆಂದು ಹೇಳುತ್ತದೆ. 350ನೆಯ ವಿಧಿ ನಮ್ಮ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ಕೊಡುತ್ತದೆ. ಆದರೆ ಹಕ್ಕನ್ನು ಶಾಲೆಯ ಗೋಡೆಯೊಳಗೇ ನಿಲ್ಲಿಸಿಬಿಟ್ಟಿದ್ದೇವೆ. 2005ರ ಮಾಹಿತಿ ಹಕ್ಕು ಕಾಯಿದೆಯ 4ನೆಯ ಕಲಂ ಸಾರ್ವಜನಿಕ ಸಂಸ್ಥೆಗಳು ಮಾಹಿತಿಯನ್ನು ಹರಡುವಾಗ ಸ್ಥಳೀಯ ಭಾಷೆಯನ್ನು ಗಮನದಲ್ಲಿಡಬೇಕು ಎನ್ನುತ್ತದೆ. ನಮ್ಮ ಹಣದಿಂದ ಕಂಡುಕೊಂಡ ತಿಳಿವಳಿಕೆ ನಮ್ಮ ಭಾಷೆಯಲ್ಲಿ ನಮ್ಮ ಅಂಗಳಕ್ಕೆ ಬರುವುದು ಉಪಕಾರವಲ್ಲ, ಲೆಕ್ಕ ಚುಕ್ತಾ. ನಾವು ಕೇಳಿದಷ್ಟು ಅದು ಬರುತ್ತದೆ. ಕೇಳದೆ ಸುಮ್ಮನಿದ್ದಷ್ಟು ದೂರ ಸರಿಯುತ್ತದೆ.

ಕೇಳುವುದೆಂದರೆ ಮೆರವಣಿಗೆಯೇ ಆಗಬೇಕಿಲ್ಲ. ಹೈಸ್ಕೂಲಿನ ಮಕ್ಕಳನ್ನು ವರ್ಷಕ್ಕೊಮ್ಮೆ ಅನುಮತಿ ಪಡೆದು ಸಂಶೋಧನಾ ತೋಟದ ಒಳಗೆ ಕರೆದೊಯ್ಯಬಹುದು. ಕೃಷಿ ವಿಜ್ಞಾನ ಕೇಂದ್ರದ ತರಬೇತಿಗೆ ಹೋದ ಹೆತ್ತವರು ಪ್ರಶ್ನೆಯನ್ನು ಕನ್ನಡದಲ್ಲಿಯೇ ಕೇಳಬಹುದು. ಎಲೆಚುಕ್ಕಿ ಬಿದ್ದ ಸೋಗೆಯನ್ನು ಮಕ್ಕಳ ಕೈಯಲ್ಲಿ ಕೊಟ್ಟು ಯಾವ ತಿಂಗಳು ಎಷ್ಟು ಮರಕ್ಕೆ ಹರಡಿತೆಂದು ಒಂದು ಪುಸ್ತಕದಲ್ಲಿ ಬರೆಸಬಹುದು. ಕೋಲ್ಮನ್ ಅವರ ಕಾಲದಿಂದ ಇಂದಿನವರೆಗೆ ಸಂಶೋಧನೆ ಆರಂಭವಾಗುವುದು ಅಂತಹ ಪುಸ್ತಕದಿಂದಲೇ. ಕನ್ನಡದಲ್ಲಿ ಓದಿದ ಮಗುವಿಗೆ ವಿಜ್ಞಾನ ದಕ್ಕದೆಂಬ ಅಳುಕು ನಮ್ಮ ಅನೇಕ ಮನೆಗಳಲ್ಲಿದೆ. ಹಿಂಗಾರ, ಸುಳಿ, ಹೊಂಬಾಳೆ, ಸೋಗೆ, ಹಾಳೆ ಎಂದು ಮರದ ಒಂದೊಂದು ಅಂಗಕ್ಕೂ ಹೆಸರು ಗೊತ್ತಿರುವ ಮಗು ಆ ಮರವನ್ನು ಕಲಿಯುವುದರಲ್ಲಿ ಇತರರಿಗಿಂತ ಒಂದು ಹೆಜ್ಜೆ ಮುಂದೆಯೇ ಇರುತ್ತದೆ. ಇಂಗ್ಲಿಷನ್ನು ಮುಂದೆ ಕಲಿತೀತು. ಗಮನಿಸುವ ಕಣ್ಣನ್ನು ಮಾತ್ರ ಮನೆಮಾತಿನಲ್ಲಿಯೇ ತೆರೆಯಬೇಕು.

ಉಯಿಲು ಬರೆಸಲು ಬರುವ ಹಿರಿಯರು ನನ್ನಲ್ಲಿ ಮೊಮ್ಮಕ್ಕಳ ಹೆಸರನ್ನು ಬರೆಸುವಾಗ ಒಮ್ಮೆ ನಿಲ್ಲುತ್ತಾರೆ. ತಾವು ಕಾಣದ ಕಾಲಕ್ಕೆ ಏನನ್ನಾದರೂ ಒಪ್ಪಿಸುವ ಗಾಂಭೀರ್ಯ ಅವರ ಮುಖದಲ್ಲಿ ಇರುತ್ತದೆ. ಸಂಶೋಧನೆಗೆ ಒಂದು ದೇಶ ಕೊಡುವ ಹಣವೂ ಅಂತಹ ಉಯಿಲು. ಈ ಮಳೆಗಾಲದಲ್ಲಿ ಪ್ರಯೋಗದ ತೋಟದಲ್ಲಿ ನೆಡುವ ಸಸಿಗಳು ತಮ್ಮ ಗುಣವನ್ನು ಪೂರ್ತಿಯಾಗಿ ಹೇಳುವಷ್ಟರಲ್ಲಿ ಇಂದಿನ ಐದನೆಯ ತರಗತಿಯ ಮಕ್ಕಳು ಮನೆಯ ಹೊಣೆ ಹೊತ್ತವರಾಗಿರುತ್ತಾರೆ. ಆಗ ಆ ಮರಗಳ ಬುಡದಲ್ಲಿ ವಹಿ ಹಿಡಿದು ನಿಂತು ಗೊನೆ ಎಣಿಸುವವರಲ್ಲಿ ನಮ್ಮ ಶಾಲೆಗಳ ಒಬ್ಬಿಬ್ಬರಾದರೂ ಇರಬೇಕು. ಅದಕ್ಕೆ ಬೇಕಾದ ಹಣವನ್ನು ದೇಶ ಕೊಟ್ಟೀತು. ಮಕ್ಕಳನ್ನು ಕೊಡಬೇಕಾದವರು ನಾವು.